ಎರಡು ಸಲ ಪ್ಯಾಕ್ ಮಾಡಿದರೆ ಫೈಲ್ ಇನ್ನೂ ಚಿಕ್ಕದಾಗುತ್ತಾ?

ಪ್ರಶ್ನೆ: ಪ್ರಾಜೆಕ್ಟ್‌ಗೆ ಎಕ್ಸಿಕ್ಯೂಟೆಬಲ್ ಕಂಪ್ರೆಸರ್ ಬರೆಯುತ್ತಿದ್ದೇವೆ, ಅಂದರೆ ಪ್ರೋಗ್ರಾಂ ಫೈಲನ್ನು ಪ್ಯಾಕ್ ಮಾಡಿ ಚಿಕ್ಕದು ಮಾಡುವುದು, ತೆರೆದಾಗ ಅದು ತಾನೇ ಬಿಚ್ಚಿಕೊಂಡು ಓಡುತ್ತದೆ. ಫೈಲ್ ಇನ್ನೂ ಚಿಕ್ಕದಾಗಬೇಕು, ಬೇಗ ತೆರೆಯಲೂ ಬೇಕು. ಪ್ಯಾಕ್ ಮಾಡಿದ್ದನ್ನೇ ಮತ್ತೊಮ್ಮೆ ಪ್ಯಾಕ್ ಮಾಡಿದರೆ ಆಗುತ್ತಾ?

ಆಗುವುದಿಲ್ಲ. ಪ್ರಾಜೆಕ್ಟ್ ಸಮಯ ಬಂತೆಂದರೆ ಮಂಗಳೂರು, ಉಡುಪಿಯ ಮಕ್ಕಳು ಪ್ರತಿ ವರ್ಷ ಇದನ್ನೇ ಕೇಳುತ್ತಾರೆ. ಈ ಸಲ ಪೂರ್ತಿ ಬಿಡಿಸಿ ಬರೆಯುತ್ತೇನೆ, ದಯವಿಟ್ಟು ಕ್ಲಾಸಿನವರಿಗೂ ತೋರಿಸಿ.

3 ಬಿಟ್‌ನ ಫೈಲ್‌ಗಳನ್ನು ತಗೊಳ್ಳಿ. 000ದಿಂದ 111ರವರೆಗೆ ಒಟ್ಟು 8. ಅವಕ್ಕಿಂತ ಚಿಕ್ಕವು ಎಷ್ಟಿವೆ? 2 ಬಿಟ್‌ನವು 4, 1 ಬಿಟ್‌ನವು 2, ಖಾಲಿ ಫೈಲ್ 1. ಒಟ್ಟು 7. ಎಂಟು ಜನಕ್ಕೆ ಏಳೇ ಸೀಟು. ಇಬ್ಬರನ್ನು ಒಂದೇ ಸೀಟಿನಲ್ಲಿ ಕೂರಿಸಿದರೆ ಬಿಚ್ಚುವಾಗ ಯಾರು ಯಾರೆಂದು ಗೊತ್ತಾಗುವುದಿಲ್ಲ. ಬಿಟ್ ಎಷ್ಟೇ ಜಾಸ್ತಿ ಮಾಡಿ, ಒಂದು ಸೀಟು ಕಮ್ಮಿಯೇ. ಎಲ್ಲ ಫೈಲನ್ನೂ ಚಿಕ್ಕದು ಮಾಡುವ ಕಂಪ್ರೆಸರ್ ಇರಲು ಸಾಧ್ಯವೇ ಇಲ್ಲ.

ಕಂಪ್ರೆಸರ್ ತೆಗೆಯುವುದು ಫೈಲಿನಲ್ಲಿ ಮತ್ತೆ ಮತ್ತೆ ಬರುವುದನ್ನು. ಮೊದಲ ಸಲವೇ ಅದು ಹೋಯಿತು. ಎರಡನೇ ಸಲ ಹುಡುಕಲು ಏನೂ ಉಳಿದಿಲ್ಲ, ಮೇಲಿಂದ ಬಿಚ್ಚುವ ಕೋಡ್ ಇನ್ನೊಂದು ಸೇರಿ ಫೈಲ್ ದೊಡ್ಡದೇ ಆಗುತ್ತದೆ. ಯುಪಿಎಕ್ಸ್ ಎಂಬ ಇಂಥದ್ದೇ ಕಂಪ್ರೆಸರ್‌ಗೆ, ಅದು ಪ್ಯಾಕ್ ಮಾಡಿದ ಫೈಲನ್ನೇ ಮತ್ತೆ ಕೊಟ್ಟು ನೋಡಿ. ಆಗಲೇ ಪ್ಯಾಕ್ ಆಗಿದೆ ಎಂದು ನಿರಾಕರಿಸುತ್ತದೆ. "ಇಲ್ಲ ಸರ್, ನಮ್ಮದು ಎರಡನೇ ಸಲವೂ ಇಳಿಯಿತು" ಅಂತೀರಾ? ಹಾಗಾದರೆ ನಿಮ್ಮ ಕಂಪ್ರೆಸರ್ ಮೊದಲ ಸಲ ಕೆಲಸ ಅರ್ಧಕ್ಕೆ ಬಿಟ್ಟಿದೆ. ಅದನ್ನು ಸರಿ ಮಾಡಿ.

ನಿಜವಾದ ಲಾಭ ಪ್ಯಾಕ್ ಮಾಡುವ ಮೊದಲೇ ಇದೆ. ಎಕ್ಸ್86 (ಮಾಮೂಲಿ ಪಿಸಿಯ ಪ್ರೊಸೆಸರ್) ಕೋಡಿನಲ್ಲಿ ಒಂದು ಫಂಕ್ಷನ್ ಕರೆಯುವ ಸಾಮಾನ್ಯ ಕಾಲ್‌ಗೆ 5 ಬೈಟ್: ಇ8 ಎಂಬ ಒಂದು ಬೈಟ್, ಮುಂದೆ 4 ಬೈಟ್ ದೂರ. ದೂರ ಎಣಿಸುವುದು ಮುಂದಿನ ಸೂಚನೆಯಿಂದ. ಮೆಮೊರಿಯ 9000ನೇ ಜಾಗದಲ್ಲಿರುವ ಫಂಕ್ಷನನ್ನು 1000ದಿಂದ ಕರೆದರೆ ದೂರ 7995, 2400ರಿಂದ ಕರೆದರೆ 6595. ಹೋಗುವ ಜಾಗ ಒಂದೇ, ಬರೆದ ಸಂಖ್ಯೆ ಬೇರೆ ಬೇರೆ. ಮಂಗಳೂರಿನಲ್ಲಿ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣಕ್ಕೆ ದಾರಿ ಕೇಳಿದಂತೆ: ಜ್ಯೋತಿಯಲ್ಲಿ ಪಡುವಿಗೆ ಇಷ್ಟು ಅಂತಾರೆ, ಲಾಲ್‌ಬಾಗ್‌ನಲ್ಲಿ ತೆಂಕಕ್ಕೆ ಅಷ್ಟು ಅಂತಾರೆ. ಎಲ್ಲ ಕಡೆ "ಸ್ಟೇಟ್‌ಬ್ಯಾಂಕ್" ಎಂದೇ ಬರೆದರೆ? ಅಂದರೆ ದೂರದ ಬದಲು 9000 ಎಂದೇ ಇಟ್ಟರೆ? ಆಗ ಒಂದೇ 5 ಬೈಟ್ ಹತ್ತಾರು ಕಡೆ ಸಿಗುತ್ತದೆ, ಕಂಪ್ರೆಸರ್ ಅದನ್ನು ಸಲೀಸಾಗಿ ಹಿಡಿಯುತ್ತದೆ. ಬಿಚ್ಚಿದ ಮೇಲೆ ಕಳೆಯುವ ಲೆಕ್ಕ ಮಾಡಿ ದೂರವನ್ನು ವಾಪಸ್ ತರಬೇಕು, ಅಷ್ಟೇ. ಉಡುಪಿಯ ಒಬ್ಬ ಹುಡುಗಿ ಇದನ್ನು ಯಾರೂ ಹೇಳಿಕೊಡದೆ, ಫೈಲಿನ ಬೈಟ್‌ಗಳನ್ನು ತೋರಿಸುವ ಹೆಕ್ಸ್ ಎಡಿಟರ್ ನೋಡುತ್ತಾ ತಾನೇ ಕಂಡುಕೊಂಡಿದ್ದಳು. ಆ ದಿನದ ಖುಷಿ ನನಗೆ ಇನ್ನೂ ಇದೆ.

ವೇಗದ ಮಾತು. ಪ್ಯಾಕ್ ಮಾಡುವುದು ನಿಮ್ಮ ಮೆಷಿನ್‌ನಲ್ಲಿ ಒಂದೇ ಸಲ, ಬಿಚ್ಚುವುದು ಬಳಸುವವರು ತೆರೆದಾಗಲೆಲ್ಲ. ಹಾಗಾಗಿ ಪ್ಯಾಕ್ ಮಾಡುವಾಗ ನಿಧಾನವಾದರೂ ಪರವಾಗಿಲ್ಲ, ಹೆಚ್ಚು ಹುಡುಕಲಿ. ಎಲ್‌ಜೆಡ್‌ಎಂಎ ಎಂಬ ಕಂಪ್ರೆಷನ್ ವಿಧಾನ ಸಾಮಾನ್ಯವಾಗಿ ಹೆಚ್ಚು ಇಳಿಸುತ್ತದೆ, ಆದರೆ ಒಂದೊಂದೇ ಬಿಟ್ ಊಹಿಸಿ ಬಿಚ್ಚುವುದರಿಂದ ತೆರೆಯುವಾಗ ತಡ. ಕ್ರಿಂಕ್ಲರ್‌ನಂಥ ಕಂಪ್ರೆಸರ್‌ಗಳು ಬಳಸುವ ಕಾಂಟೆಕ್ಸ್ಟ್ ಮಿಕ್ಸಿಂಗ್ (ಹಲವು ಊಹೆಗಳನ್ನು ಬೆರೆಸಿ ಮುಂದಿನ ಬಿಟ್ ಊಹಿಸುವುದು) ಇನ್ನೂ ಬಿಗಿ, ಇನ್ನೂ ನಿಧಾನ. 4 ಕೆಬಿಯೊಳಗೆ ಚಿತ್ರ, ಸಂಗೀತ ತೋರಿಸುವ ಪುಟ್ಟ ಡೆಮೋಗೆ ಅದು ಸರಿ, ನಿಮ್ಮ ಪ್ರಾಜೆಕ್ಟ್‌ಗೆ ಬೇಡ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಫೈಲ್ ಚಿಕ್ಕದಾದರೆ ರ‍್ಯಾಮ್ ಉಳಿಯುತ್ತದೆ ಎಂದುಕೊಳ್ಳಬೇಡಿ. ಮಾಮೂಲಿ ಪ್ರೋಗ್ರಾಂ ಹತ್ತು ಸಲ ತೆರೆದರೂ ಕೋಡ್ ಪುಟಗಳ (ಮೆಮೊರಿಯ ತುಂಡುಗಳ) ಒಂದೇ ಪ್ರತಿಯನ್ನು ಹತ್ತೂ ಹಂಚಿಕೊಳ್ಳುತ್ತವೆ, ಅದೂ ಬೇಕಾದ ಪುಟವನ್ನಷ್ಟೇ ಡಿಸ್ಕಿನಿಂದ ತರುತ್ತವೆ. ಪ್ಯಾಕ್ ಮಾಡಿದ್ದು ಹಾಗಲ್ಲ. ಪ್ರತಿಯೊಂದೂ ತನ್ನದೇ ಜಾಗದಲ್ಲಿ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದಿಟ್ಟುಕೊಂಡು ಎರಡನ್ನೂ ಓಡಿಸಿ ನೋಡಿ.