ಹಳೇ ರೋಡ್ ಬೈಕಿಗೆ ಏರಿನ ಗೇರ್: ಮೊದಲು ಹಲ್ಲು ಎಣಿಸಿ

ಹಳೇ ರೋಡ್ ಬೈಕ್ ತಂದು ನಿಲ್ಲಿಸಿ, "ಏರಿನಲ್ಲಿ ಮಂಡಿ ಹಿಡಿಯುತ್ತೆ, ಮುಂದೆ ಕಾಂಪ್ಯಾಕ್ಟ್ ಕ್ರ್ಯಾಂಕ್ ಹಾಕಿಕೊಡಿ" ಅನ್ನುವವರೇ ಜಾಸ್ತಿ. (ಕಾಂಪ್ಯಾಕ್ಟ್ ಅಂದರೆ ಪೆಡಲ್ ಬಳಿಯ ಹಲ್ಲುಚಕ್ರಗಳು ಚಿಕ್ಕದಾಗಿರುವ ಕ್ರ್ಯಾಂಕ್.) ಮಂಡಿ ನೋವನ್ನು ನಂಬುತ್ತೇನೆ. ಕ್ರ್ಯಾಂಕ್ ಬದಲಿಸುವ ಮಾತು ಆಮೇಲೆ. ಮೊದಲು ಹಿಂದೆ ಮುಂದೆ ಎಷ್ಟೆಷ್ಟು ಹಲ್ಲಿವೆ ಅಂತ ಎಣಿಸುತ್ತೇನೆ.

ಆ ಕಾಲದ ಬೈಕುಗಳನ್ನು ರೇಸಿನವರ ಕಾಲು ನೋಡಿ ಮಾಡುತ್ತಿದ್ದರು. ಮುಂದಿನ ಎರಡು ಹಲ್ಲುಚಕ್ರಗಳಲ್ಲಿ (ಚೈನ್‌ರಿಂಗ್) 52/42 ಇಲ್ಲವೇ 53/39 ಹಲ್ಲು, ಹಿಂದಿನ ದೊಡ್ಡ ಹಲ್ಲುಚಕ್ರ 23 ಅಥವಾ 25. 39ಕ್ಕೆ 25, ಅಂದರೆ ಮುಂದೆ 39 ಹಿಂದೆ 25 ಇದ್ದರೆ, ಪೆಡಲ್ ಒಂದು ಸುತ್ತು ಬರುವಷ್ಟರಲ್ಲಿ ಬೈಕ್ ಸುಮಾರು 3.3 ಮೀಟರ್ ಮುಂದೆ ಹೋಗಿರುತ್ತದೆ. ಕಡಿದಾದ ಏರಿನಲ್ಲಿ ವೇಗ ಗಂಟೆಗೆ 9 ಕಿ.ಮೀ.ಗೆ ಇಳಿಯಿತು ಅನ್ನಿ. ಆಗ ನಿಮಿಷಕ್ಕೆ 46 ಸುತ್ತು ತುಳಿಯುತ್ತಿರುತ್ತೀರಿ. ಅಷ್ಟು ನಿಧಾನಕ್ಕೆ ತುಳಿದರೆ ಒಂದೊಂದು ತುಳಿತದ ಭಾರವೂ ಮಂಡಿಗೇ ಬೀಳುತ್ತದೆ. 34ಕ್ಕೆ 32 ಇದ್ದರೆ ಅದೇ ವೇಗಕ್ಕೆ 67 ಸುತ್ತು. ಉಸಿರು ಹೆಚ್ಚು ಬೇಕು, ಮಂಡಿ ಮಾತ್ರ ಸುಮ್ಮನಿರುತ್ತದೆ.

ಈಗ ಇನ್ನೊಂದು ಲೆಕ್ಕ. 34ಕ್ಕೆ 28 ಹಾಕಿದರೆ, ಮುಂದಿನ ಹಲ್ಲನ್ನು ಹಿಂದಿನದರಿಂದ ಭಾಗಿಸಿದಾಗ, 1.21. ಇರುವ 39ನ್ನೇ ಬಿಟ್ಟು ಹಿಂದೆ 32 ಹಾಕಿದರೆ 1.22. ಹೆಚ್ಚುಕಡಿಮೆ ಒಂದೇ ಅಲ್ವಾ? ಹಾಗಾಗಿ ಮುಂದೆ 39 ಇದ್ದವರಿಗೆ ಹಿಂದಿನಿಂದಲೇ ಶುರು ಮಾಡಿ ಅನ್ನುತ್ತೇನೆ. ಮುಂದಿನದನ್ನು ಮುಟ್ಟಿದರೆ ಕೆಲಸ ಬೆಳೆಯುತ್ತದೆ. ಐದು ಬೋಲ್ಟುಗಳು 130 ಮಿ.ಮೀ. ವ್ಯಾಸದ ವೃತ್ತದಲ್ಲಿ ಕೂರುವ ಕ್ರ್ಯಾಂಕಿಗೆ 38ಕ್ಕಿಂತ ಚಿಕ್ಕ ಚೈನ್‌ರಿಂಗ್ ಕೂರುವುದಿಲ್ಲ. ಇನ್ನೂ ಹಳೆಯ 144ರದ್ದಾದರೆ 41ಕ್ಕೇ ನಿಲ್ಲುತ್ತದೆ. 34 ಬೇಕು ಅಂದರೆ 110ರ ಕ್ರ್ಯಾಂಕೇ ಬೇಕು. ಅದರ ಜೊತೆಗೆ ಬಾಟಮ್ ಬ್ರಾಕೆಟ್ (ಕ್ರ್ಯಾಂಕ್ ತಿರುಗುವ ಬೇರಿಂಗ್) ಅಚ್ಚಿನ ಉದ್ದ ಹೊಂದಬೇಕು, ಮುಂದಿನ ಡಿರೈಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಕೆಳಗಿಳಿಸಬೇಕು. ಕೆಲವು ಫ್ರೇಮುಗಳಲ್ಲಿ ಅದು ಅಷ್ಟು ಕೆಳಗೆ ಇಳಿಯುವುದೇ ಇಲ್ಲ.

ಹಿಂದೆ ದೊಡ್ಡ ಹಲ್ಲು ಹಾಕಲು ತಡೆಯುವುದು ಹಿಂದಿನ ಡಿರೈಲರ್. ಅದಕ್ಕೆ ಎರಡು ಮಿತಿ ಇವೆ. ಇವೆರಡನ್ನು ಬೆರೆಸಿಕೊಂಡೇ ಹೆಚ್ಚಿನವರು ತಪ್ಪು ಸಾಮಾನು ಕೊಳ್ಳುತ್ತಾರೆ. ಮೊದಲನೆಯದು, ಅದರ ಮೇಲಿನ ಪುಲ್ಲಿ (ಚೈನ್ ಹಾಯುವ ಪುಟ್ಟ ಚಕ್ರ) ಎಷ್ಟು ಹಲ್ಲಿನ ಚಕ್ರದವರೆಗೆ ತಗುಲದೆ ನಿಲ್ಲಬಲ್ಲದು ಅನ್ನುವುದು. ಎರಡನೆಯದು, ಎಷ್ಟು ಸಡಿಲ ಚೈನನ್ನು ಅದು ಎಳೆದು ಹಿಡಿಯಬಲ್ಲದು ಅನ್ನುವುದು. ಎರಡನೆಯದಕ್ಕೆ ಮುಂದಿನ ಎರಡು ಚೈನ್‌ರಿಂಗ್‌ಗಳ ವ್ಯತ್ಯಾಸವನ್ನೂ ಹಿಂದಿನ ದೊಡ್ಡದು ಚಿಕ್ಕದರ ವ್ಯತ್ಯಾಸವನ್ನೂ ಕೂಡಿಸಬೇಕು. 53/39ಕ್ಕೆ ಹಿಂದೆ 12-25 (ಚಿಕ್ಕದು 12, ದೊಡ್ಡದು 25) ಇದ್ದರೆ 14 ಮತ್ತು 13, ಒಟ್ಟು 27. ಅದೇ 11-32 ಹಾಕಿ, 35 ಆಗುತ್ತದೆ. ಶಿಮಾನೊ ಕಂಪನಿಯ ಗಿಡ್ಡ ಕೇಜಿನ (ಪುಲ್ಲಿಗಳನ್ನು ಹಿಡಿದಿರುವ ತೋಳು) ಡಿರೈಲರ್‌ಗಳ ಮಿತಿ ಸಾಮಾನ್ಯವಾಗಿ 29ರ ಆಸುಪಾಸು. (53ಕ್ಕೆ 11 ಹಾಕಿ ನಿಜವಾಗಿ ತುಳಿಯುವವರು ಎಷ್ಟು ಜನ, ಅದು ಬೇರೆ ಮಾತು.)

ಹ್ಯಾಂಗರಿಗೆ (ಫ್ರೇಮಿನಲ್ಲಿ ಡಿರೈಲರ್ ತೂಗುವ ಕೊಂಡಿ) ಸಿಕ್ಕಿಸಿ ಅದನ್ನು ಉದ್ದ ಮಾಡುವ ಚಿಕ್ಕ ತುಂಡೊಂದು ಸಿಗುತ್ತದೆ. ಆ ತುಂಡು ಡಿರೈಲರನ್ನು ಕೆಳಗಿಳಿಸಿ ಮೊದಲ ಮಿತಿಯನ್ನು ಹಿಗ್ಗಿಸುತ್ತದೆ. ಎರಡನೆಯದಕ್ಕೆ ಅದರಿಂದ ಏನೂ ಆಗುವುದಿಲ್ಲ, ಚೈನ್ ಹಾಗೇ ಜೋತುಬೀಳುತ್ತದೆ. ಶಿಮಾನೊ 8 ಅಥವಾ 9 ಸ್ಪೀಡಿನ (ಹಿಂದೆ ಅಷ್ಟು ಹಲ್ಲುಚಕ್ರವಿರುವ) ಬೈಕಾದರೆ ನನ್ನ ಆಯ್ಕೆ 9 ಸ್ಪೀಡಿನ ಮೌಂಟನ್ ಬೈಕಿನ ಉದ್ದ ಕೇಜಿನ ಡಿರೈಲರ್. ಒಂದು ಗೇರ್ ಬದಲಿಸಲು ಬೇಕಾದ ಕೇಬಲ್ ಎಳೆತ ರೋಡ್, ಮೌಂಟನ್ ಎರಡಕ್ಕೂ ಒಂದೇ, 34 ಹಲ್ಲಿನವರೆಗೂ ಹಾಯಾಗಿ ಏರುತ್ತದೆ. 10 ಸ್ಪೀಡಿನ ಮೌಂಟನ್ ಡಿರೈಲರ್ ಮಾತ್ರ ತರಬೇಡಿ, ಅದರ ಎಳೆತವೇ ಬೇರೆ. ಶಿಮಾನೊದ್ದೇ ರೇಸ್ ಸೆಟ್ಟಾದ ಹಳೇ 8 ಸ್ಪೀಡ್ ಡ್ಯುರಾ ಏಸ್ ಕೂಡ ಈ ಲೆಕ್ಕಕ್ಕೆ ಸಿಗುವುದಿಲ್ಲ. ಡೌನ್‌ಟ್ಯೂಬಿನಲ್ಲಿ (ಫ್ರೇಮಿನ ಕೆಳಗಿನ ಓರೆ ಕೊಳವೆ) ಕ್ಲಿಕ್ ಇಲ್ಲದ ಗೇರ್ ಲಿವರ್ ಇದ್ದವರೇ ಅದೃಷ್ಟವಂತರು. ಅವರು ಹೆಚ್ಚುಕಡಿಮೆ ಯಾವ ಡಿರೈಲರ್ ಬೇಕಾದರೂ ಹಾಕಬಹುದು.

ಹಿಂದೆ ಇರುವುದು ಕ್ಯಾಸೆಟ್ಟೋ (ಹಬ್ಬಿನ ಮೇಲೆ ಜಾರಿಸಿ ಕೂರಿಸುವ ಹಲ್ಲುಚಕ್ರಗಳ ಗುಂಪು) ಫ್ರೀವೀಲೋ (ಹಬ್ಬಿಗೆ ತಿರುಪಿ ಕೂರಿಸುವಂಥದ್ದು) ಅಂತ ನೋಡಿಕೊಂಡೇ ಕೊಳ್ಳಿ. ಫ್ರೀವೀಲಾದರೆ ಅದರ ಕಚ್ಚಿಗೆ ಸರಿಯಾದ ಟೂಲೇ ಬೇಕು. ಹತ್ತಿರದ್ದು ಯಾವುದೋ ಹಾಕಿ ತಿರುಗಿಸಿದರೆ ಕಚ್ಚು ಸವೆದು ಹೋಗಿ, ಆಮೇಲೆ ಬಿಚ್ಚುವುದೇ ಪಾಡು.

ಕ್ಯಾಸೆಟ್ ಹೊಸದಾದರೆ ಚೈನೂ ಹೊಸದೇ ಹಾಕಿ. ಅಳತೆ ತೆಗೆಯುವಾಗ ಡಿರೈಲರ್ ಒಳಗೆ ತೂರಿಸದೆ, ಮುಂದಿನ ದೊಡ್ಡದು ಮತ್ತು ಹಿಂದಿನ ದೊಡ್ಡದರ ಮೇಲೆ ಸುತ್ತಿ ಬಿಗಿ ಹಿಡಿಯಿರಿ. ತುದಿ ಸೇರುವ ಜಾಗಕ್ಕೆ ಇನ್ನೆರಡು ಲಿಂಕ್ ಸೇರಿಸಿ ಕತ್ತರಿಸಿ. ಆಮೇಲೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಕೈಯಲ್ಲೇ ಪೆಡಲ್ ತಿರುಗಿಸುತ್ತಾ ದೊಡ್ಡದಕ್ಕೆ ದೊಡ್ಡದು ಹಾಕಿ. ಕೇಜ್ ಮುಂದಕ್ಕೆ ಪೂರ್ತಿ ಚಾಚಿಕೊಂಡು ಚೈನ್ ತಂತಿಯ ಹಾಗೆ ಬಿಗಿಯಾಯಿತೋ, ಅಲ್ಲೇ ನಿಲ್ಲಿಸಿ. ರಸ್ತೆಯಲ್ಲಿ ಹೀಗಾದರೆ ಹ್ಯಾಂಗರ್ ಮುರಿದು ಡಿರೈಲರ್ ಚಕ್ರದ ಕಡ್ಡಿಗಳೊಳಗೆ ಹೋಗುತ್ತದೆ. ಚಿಕ್ಕದಕ್ಕೆ ಚಿಕ್ಕದು ಹಾಕಿದಾಗ ಚೈನ್ ಜೋತುಬಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಆ ಗೇರ್ ಯಾರಿಗೂ ಬೇಕಿಲ್ಲ.

ಇನ್ನು ಡಿರೈಲರ್ ಹಿಂಬದಿಯ ಬಿ ಸ್ಕ್ರೂ. ಮುಂದೆ ಚಿಕ್ಕದು, ಹಿಂದೆ ದೊಡ್ಡದು ಹಾಕಿ ಪೆಡಲನ್ನು ಹಿಮ್ಮುಖವಾಗಿ ತಿರುಗಿಸಿ. ಗರಗರ ಸದ್ದು ಬಂದರೆ ಮೇಲಿನ ಪುಲ್ಲಿ ಹಲ್ಲಿಗೆ ಉಜ್ಜುತ್ತಿದೆ ಅಂತ. ಸದ್ದು ನಿಲ್ಲುವವರೆಗೆ ಅರ್ಧರ್ಧ ಸುತ್ತು ಬಿಗಿ ಮಾಡಿ. ಬೇಕಾದ್ದಕ್ಕಿಂತ ಬಿಗಿ ಮಾಡಿದರೆ ಪುಲ್ಲಿ ದೂರ ಸರಿದು, ಚಿಕ್ಕ ಹಲ್ಲುಗಳ ಕಡೆ ಗೇರ್ ಬೀಳುವುದು ಮಂದವಾಗುತ್ತದೆ.