ಡೆಲಿವರಿ ಕೊಡಲು ಬರುವವರಿಗೆ ಟಿಪ್ ಕೊಟ್ಟರೆ ಸಾಕಾ?

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ ದೊಡ್ಡ ಅಪಾರ್ಟ್‌ಮೆಂಟ್. ಬೆಳಗಿಂದ ರಾತ್ರಿವರೆಗೂ ಡೆಲಿವರಿಯವರು ಬರ್ತಾನೇ ಇರ್ತಾರೆ. ಟಿಪ್ ಬಿಟ್ಟು ಅವರಿಗೆ ಇನ್ನೇನು ಮಾಡಬಹುದು?

ಟಿಪ್ ಕೊಡಿ, ಅದನ್ನು ನಿಲ್ಲಿಸಬೇಡಿ. ಆದರೆ ಅದಕ್ಕಿಂತ ಮೊದಲು ಅವರ ಸಮಯ ಉಳಿಸಿ. ಊಟ ತರುವ ಹೆಚ್ಚಿನವರಿಗೆ ತಿಂಗಳ ಸಂಬಳ ಇಲ್ಲ, ಆರ್ಡರ್ ಲೆಕ್ಕದಲ್ಲೇ ದುಡ್ಡು. ಮಧ್ಯಾಹ್ನ ಒಂದು ಗಂಟೆಗೆ ನಿಮ್ಮ ಗೇಟ್ ಹತ್ತಿರ ನಿಂತು ನೋಡಿ. ಹೆಗಲಲ್ಲಿ ಬ್ಯಾಗ್, ಕಿವಿಗೆ ಒತ್ತಿಕೊಂಡ ಫೋನ್, ರಿಜಿಸ್ಟರ್‌ನಲ್ಲಿ ಹೆಸರು ಬರೆಯುತ್ತಲೇ "ಮೇಡಂ, ಗೇಟ್ ಹತ್ರ ಇದೀನಿ, ಒಳಗೆ ಬಿಡ್ತಿಲ್ಲ" ಅನ್ನುತ್ತಿರುತ್ತಾರೆ, ಅಷ್ಟರಲ್ಲಿ ಮುಂದಿನ ಆರ್ಡರ್ ಕೈತಪ್ಪಿರುತ್ತದೆ. ಹಾಗಾಗಿ ಲೊಕೇಶನ್ ಸರಿಯಾಗಿ ಹಾಕಿ, ಬ್ಲಾಕ್ ಮತ್ತು ಯಾವ ಗೇಟ್ ಅಂತ ಬರೆಯಿರಿ, ಫೋನ್ ಎತ್ತಿ. ಬರೀ "4ನೇ ಕ್ರಾಸ್" ಅಂದರೆ ಹೇಗೆ? ಈ ಊರಲ್ಲಿ 4ನೇ ಕ್ರಾಸ್ ಇಲ್ಲದ ಬಡಾವಣೆ ಹುಡುಕುವುದೇ ಕಷ್ಟ!

ಇನ್ನು ನೀರು. ರಾಮನವಮಿಗೆ ಬೀದಿ ಬೀದಿಯಲ್ಲಿ ಪಾನಕ, ಮಜ್ಜಿಗೆ, ಕೋಸಂಬರಿ ಹಂಚುವ ಊರು ನಮ್ಮದು, ದಾರಿಹೋಕರಿಗೆ ಅರವಟ್ಟಿಗೆ ಇಡುವುದು ಯಾರೂ ನಮಗೆ ಹೇಳಿಕೊಡಬೇಕಿಲ್ಲ. ಗೇಟ್ ಪಕ್ಕ ನೆರಳಲ್ಲಿ ಒಂದು ನೀರಿನ ಕ್ಯಾನ್, ತೊಳೆದ ಲೋಟ, ಕೂರಲು ಒಂದು ಬೆಂಚು, ಫೋನ್ ಚಾರ್ಜ್ ಮಾಡಲು ಒಂದು ಪ್ಲಗ್ ಇಡಿ. ನಾಲ್ಕು ಮನೆಯವರು ಸೇರಿದರೆ ಖರ್ಚು ಏನೂ ಅಲ್ಲ.

ಆದರೆ ನಾನು ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳುವುದು ಟಾಯ್ಲೆಟ್ ಬಗ್ಗೆ. ಇಡೀ ದಿನ ರಸ್ತೆಯಲ್ಲೇ ಇರುವವರು, ಅದರಲ್ಲೂ ಹೆಂಗಸರು, ಟಾಯ್ಲೆಟ್ ಸಿಗಲ್ಲ ಅಂತಲೇ ನೀರು ಕುಡಿಯದೆ ಇರುತ್ತಾರೆ. ಸೆಕ್ಯೂರಿಟಿಯವರು ಬಳಸುವ ಟಾಯ್ಲೆಟ್ ನೆಲಮಹಡಿಯಲ್ಲಿ ಇದ್ದೇ ಇರುತ್ತದೆ ಅಲ್ವಾ? ಇವರೂ ಬಳಸಬಹುದು ಅಂತ ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಒಪ್ಪಿಸಿ, ಬೋರ್ಡ್ ಹಾಕಿಸಿ. ಹಾಗೇ "ಡೆಲಿವರಿಯವರಿಗೆ ಈ ಲಿಫ್ಟ್ ಇಲ್ಲ" ಅನ್ನುವ ಬೋರ್ಡ್ ಇದ್ದರೆ ದಯವಿಟ್ಟು ಅದನ್ನು ತೆಗೆಸಿ. ಮನುಷ್ಯರನ್ನು ಹಾಗೆ ನಡೆಸಿಕೊಳ್ಳಬಾರದು.

ಇನ್ನೊಂದು ಕೆಲಸ ಇದೆ, ಯಾರೂ ಅಷ್ಟಾಗಿ ಯೋಚಿಸದ್ದು. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗಾಗಿಯೇ, ಅಂದರೆ ಹೀಗೆ ಆ್ಯಪ್ ಮೂಲಕ ಕೆಲಸ ಮಾಡುವವರಿಗಾಗಿಯೇ, ಕಾನೂನು ಮಾಡಿದೆ. ಅವರಿಗೆ ಸಿಗುವ ಪ್ರತಿ ಪಾವತಿಯ ಮೇಲೆ ಶೇಕಡಾ 1ರಿಂದ 5ರಷ್ಟನ್ನು ಕಂಪನಿಗಳು ಕಲ್ಯಾಣ ನಿಧಿಗೆ ಕಟ್ಟಬೇಕು. ಅದಕ್ಕೂ ಮೊದಲೇ ರಾಜ್ಯ ಸರ್ಕಾರ ಇವರಿಗೆ ವಿಮಾ ಯೋಜನೆ ತಂದಿತ್ತು, ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 4 ಲಕ್ಷ ರೂಪಾಯಿ. ಈ ವಿಮೆಗೆ ಅರ್ಜಿ ಹಾಕುವುದು ರಾಜ್ಯ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ, ಅದಕ್ಕೆ ಅಸಂಘಟಿತ ಕಾರ್ಮಿಕರಿಗಾಗಿ ಕೇಂದ್ರ ಸರ್ಕಾರ ಮಾಡಿರುವ ಇ-ಶ್ರಮ್‌ನಲ್ಲಿ ನೋಂದಣಿಯೂ ಬೇಕು. ಓಡಾಟದ ಮಧ್ಯೆ ಫೋನಿನಲ್ಲಿ ಇದನ್ನೆಲ್ಲ ತುಂಬುವುದು ಸುಲಭವಲ್ಲ. ನಿಮ್ಮಲ್ಲಿ ಯಾರಿಗಾದರೂ ಬಿಡುವಿದ್ದರೆ, ಊಟದ ಆರ್ಡರ್ ಕಡಿಮೆ ಇರುವ ಮಧ್ಯಾಹ್ನ ಮೂರೂವರೆ ಹೊತ್ತಿಗೆ ಗೇಟ್ ಹತ್ತಿರ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರಿ. ಆಧಾರ್‌ಗೆ ಲಿಂಕ್ ಆದ ಫೋನ್ ತನ್ನಿ ಅಂತ ಮುಂಚೆಯೇ ಒಂದು ಚೀಟಿ ಅಂಟಿಸಿಡಿ, ಇಲ್ಲದಿದ್ದರೆ ಓಟಿಪಿ ಬರದೆ ಅರ್ಜಿ ಅರ್ಧಕ್ಕೇ ನಿಲ್ಲುತ್ತದೆ.