ನಿಮ್ಮಲ್ಲಿ ಉಂಟಾ, ನಿಮಗೆ ಉಂಟಾ?

ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಡುವ ಸಿಟಿ ಬಸ್ಸಿನಲ್ಲಿ ದೊಡ್ಡ ನೋಟು ಚಾಚಿದರೆ ಕಂಡಕ್ಟರ್ ಕೇಳುವುದು ಒಂದೇ ಪ್ರಶ್ನೆ: "ನಿಮ್ಮಲ್ಲಿ ಚಿಲ್ಲರೆ ಉಂಟಾ?" ಇಲ್ಲವೆಂದರೆ, ಇಳಿಯುವ ಹೊತ್ತಿಗೆ ಅವರೇ ಕರೆದು ಹೇಳುತ್ತಾರೆ: "ನಿಮಗೆ ಹತ್ತು ರೂಪಾಯಿ ಉಂಟು." ಮೊದಲ ವಾಕ್ಯದ ಹಣ ಪ್ರಯಾಣಿಕನ ಕಿಸೆಯಲ್ಲಿದೆ, ಎರಡನೆಯದು ಕಂಡಕ್ಟರನ ಚೀಲದಲ್ಲಿದೆ. ಕ್ರಿಯಾಪದ ಬದಲಾಗಿಲ್ಲ. 'ಅಲ್ಲಿ' ಹೋಗಿ 'ಗೆ' ಬಂದಿದೆ, ಅಷ್ಟೇ. ಅವರು ತುಳುವಿನಲ್ಲಿ ಮಾತಾಡಿದರೂ ಕಥೆ ಇದೇ: "ಈರೆಡ ಚಿಲ್ಲರೆ ಉಂಡಾ?" ಎಂಬಲ್ಲಿ ಒಂದು ಪ್ರತ್ಯಯ, "ಈರೆಗ್ ಪತ್ತ್ ರೂಪಾಯಿ ಉಂಡು" ಎಂಬಲ್ಲಿ ಇನ್ನೊಂದು. ಕೊಂಕಣಿಯಾದರೆ 'ತುಮ್ಚೆಲಾಗಿಂ' ಮತ್ತು 'ತುಮ್ಕಾಂ'.

ಒಡೆತನವನ್ನು ಹೇಳಲು ಇಂಗ್ಲಿಷಿನಲ್ಲಿರುವಂಥ 'ಹ್ಯಾವ್' ಕನ್ನಡದಲ್ಲಿ ಇಲ್ಲ ಎಂದು ಕೆಲವರು ಅದನ್ನೊಂದು ಕೊರತೆಯಂತೆ ಹೇಳುವುದುಂಟು. ನನಗೆ ಹಾಗೆ ಕಾಣುವುದಿಲ್ಲ. ಇಂಗ್ಲಿಷ್ ಒಂದೇ ಮೂಟೆಗೆ ತುಂಬುವುದನ್ನು ಕನ್ನಡ ಬೇರೆ ಬೇರೆಯಾಗಿ ಇಡುತ್ತದೆ. ಬಂಧುಗಳು, ಜ್ವರ, ಹಸಿವು, ಹಕ್ಕು, ಸಾಲ ಇವೆಲ್ಲ 'ಗೆ' ಪ್ರತ್ಯಯದ ಚತುರ್ಥಿಗೆ ಸೇರುತ್ತವೆ: ನನಗೆ ಇಬ್ಬರು ಅಕ್ಕಂದಿರಿದ್ದಾರೆ, ನನಗೆ ಜ್ವರ ಇದೆ. ಕೈಯಲ್ಲಿ ಹಿಡಿದು ಓಡಾಡಬಹುದಾದದ್ದು, ಕೊಟ್ಟು ತೆಗೆದುಕೊಳ್ಳಬಹುದಾದದ್ದು ಸಾಮಾನ್ಯವಾಗಿ 'ಅಲ್ಲಿ' ಪ್ರತ್ಯಯದ ಸಪ್ತಮಿಗೆ, ಇಲ್ಲವೇ 'ಹತ್ತಿರ', 'ಬಳಿ'ಗಳಿಗೆ. "ನನ್ನ ಹತ್ತಿರ ಕೊಡೆ ಇದೆ" ಎನ್ನುತ್ತೇವೆ. "ನನಗೆ ಕೊಡೆ ಇದೆ" ಎಂದರೆ ಯಾರೋ ನನಗಾಗಿ ಒಂದನ್ನು ತೆಗೆದಿಟ್ಟಿದ್ದಾರೆ ಎಂಬ ಭಾವ ಬರುತ್ತದೆ. ಹಾಗೆಯೇ "ನನ್ನಲ್ಲಿ ಇಬ್ಬರು ಮಕ್ಕಳಿದ್ದಾರೆ" ಎಂದರೆ ರಜೆಗೆ ಬಂದ ತಂಗಿಯ ಮಕ್ಕಳಿರಬೇಕು ಎಂದುಕೊಳ್ಳುತ್ತಾರೆ.

ಜೀವವಿಲ್ಲದ ವಸ್ತುಗಳಲ್ಲೂ ಈ ಭೇದ ನಿಲ್ಲುತ್ತದೆ. "ಈ ಮನೆಗೆ ನಾಲ್ಕು ಬಾಗಿಲುಗಳಿವೆ" ಎಂದರೆ ಅವು ಚೌಕಟ್ಟಿಗೆ ಕೂತು ಮನೆಯ ಅಂಗವಾಗಿವೆ. "ಈ ಮನೆಯಲ್ಲಿ ನಾಲ್ಕು ಬಾಗಿಲುಗಳಿವೆ" ಎಂದರೆ ಬಡಗಿ ತಂದು ಗೋಡೆಗೆ ಒರಗಿಸಿಟ್ಟದ್ದೂ ಆಗಬಹುದು. ಗುಣಗಳ ವಿಷಯದಲ್ಲಿ ಮಾತ್ರ ಗೆರೆ ಮಸುಕು. ಅವನಿಗೆ ಧೈರ್ಯವಿದೆ, ಅವನಲ್ಲಿ ಧೈರ್ಯವಿದೆ, ಎರಡೂ ನಡೆಯುತ್ತವೆ.

ಇನ್ನೊಂದು ಸೂಕ್ಷ್ಮ ಕ್ರಿಯಾಪದದಲ್ಲಿದೆ. "ಅವಳಿಗೆ ಒಬ್ಬ ಮಗನಿದ್ದಾನೆ" ಎಂಬಲ್ಲಿ 'ಇದ್ದಾನೆ' ಹೊಂದಿಕೊಳ್ಳುವುದು ಮಗನಿಗೆ, ತಾಯಿಗಲ್ಲ. ಶಾಲೆಯ ವ್ಯಾಕರಣದ ಲೆಕ್ಕದಲ್ಲಿ ಮಗನೇ ಕರ್ತೃ. ಆದರೆ "ಅವಳಿಗೆ ತನ್ನದೇ ಮನೆ ಇದೆ" ಎನ್ನಿ. 'ಇದೆ' ಮನೆಯ ಕಡೆಗಿದೆ, 'ತನ್ನ' ಮಾತ್ರ ಅವಳ ಕಡೆಗೆ. 'ತಾನು', 'ತನ್ನ' ಸಾಮಾನ್ಯವಾಗಿ ಕರ್ತೃವನ್ನು ಹುಡುಕಿಕೊಂಡು ಹೋಗುವ ಪದಗಳು. ಒಂದೇ ವಾಕ್ಯದಲ್ಲಿ ಕ್ರಿಯಾಪದ ಒಬ್ಬರನ್ನು ಯಜಮಾನರೆಂದು ಒಪ್ಪಿದರೆ ಸರ್ವನಾಮ ಇನ್ನೊಬ್ಬರನ್ನು ಒಪ್ಪುತ್ತದೆ. ಚತುರ್ಥಿಯಲ್ಲಿರುವ ಈ ಅರೆ ಕರ್ತೃ ದಕ್ಷಿಣ ಏಷ್ಯಾದ ಬಹುತೇಕ ಭಾಷೆಗಳಲ್ಲಿದೆ. ಭಾಷಾವಿಜ್ಞಾನಿಗಳು ಅದರ ಮೇಲೆ ದಶಕಗಳಿಂದ ವಾದ ಮಾಡುತ್ತಲೇ ಇದ್ದಾರೆ.

ಪತ್ರಿಕೆಗಳ ಕನ್ನಡ ಈ ತಂಟೆಯೇ ಬೇಡವೆಂದು 'ಹೊಂದು' ಧಾತುವನ್ನು ಹಿಡಿದುಕೊಂಡಿದೆ. ದಂಪತಿ ಇಬ್ಬರು ಮಕ್ಕಳನ್ನು ಹೊಂದಿದ್ದಾರೆ, ಶಾಲೆ ಹತ್ತು ಕೊಠಡಿಗಳನ್ನು ಹೊಂದಿದೆ. ಜಮೀನಿನ ಹಕ್ಕು ಹೊಂದಿದ್ದಾರೆ ಎಂದರೆ ಸರಿ, ಅದು ಆ ಪದದ ಜಾಗ. ಮಕ್ಕಳನ್ನು ಹೊಂದುವುದು ಕಿವಿಗೆ ಚುಚ್ಚುತ್ತದೆ. ಜ್ವರವನ್ನಂತೂ ಇದುವರೆಗೆ ಯಾರೂ ಹೊಂದಿಲ್ಲ, ಪುಣ್ಯ.

ಹೊರಗಿನ ಲೋಕದಲ್ಲಿ 'ಹ್ಯಾವ್' ಎಷ್ಟು ಸಾಮಾನ್ಯ? ಲಿಯಾನ್ ಸ್ಟಾಸನ್ ಎಂಬ ಡಚ್ ಭಾಷಾವಿಜ್ಞಾನಿ ಲೋಕದ ನಾನಾ ಮೂಲೆಗಳ 240 ಭಾಷೆಗಳನ್ನು ಹೋಲಿಸಿ ನೋಡಿದಾಗ ಅಂಥ ಕ್ರಿಯಾಪದವನ್ನು ನೆಚ್ಚಿಕೊಂಡವು ಸುಮಾರು ಕಾಲು ಭಾಗ ಮಾತ್ರ. ಉಳಿದವು 'ಇರು' ಎಂಬುದಕ್ಕೇ ಬಗೆಬಗೆಯ ಆಸರೆ ಕೊಟ್ಟು ಕೆಲಸ ತೆಗೆಯುತ್ತವೆ. ಸ್ವಾಹಿಲಿಯವರು 'ನಾನು ಪುಸ್ತಕದೊಂದಿಗೆ' ಎನ್ನುತ್ತಾರೆ. ಐರಿಷ್ ಭಾಷೆಯಲ್ಲಿ ಪುಸ್ತಕ 'ನನ್ನ ಬಳಿ' ಇರುತ್ತದೆ. ಸಾಲವಾದರೆ 'ನಿನ್ನ ಮೇಲೆ ನನ್ನ ಬಳಿ ಐದು ಯೂರೋ ಇದೆ', ಅಂದರೆ ನೀನು ನನಗೆ ಕೊಡಬೇಕು. ಲ್ಯಾಟಿನ್ನಿನಲ್ಲೂ 'ನನಗೆ ಪುಸ್ತಕ ಇದೆ' ಎಂಬ ನಮ್ಮದೇ ರೀತಿ ಇತ್ತು. ಅದರ ಪಕ್ಕದಲ್ಲೇ ಇದ್ದ 'ಹಬೆರೆ' ಕ್ರಮೇಣ ಅದನ್ನು ಮೂಲೆಗೆ ತಳ್ಳಿತು, ಫ್ರೆಂಚಿನ 'ಅವ್ವಾರ್' ಅದರ ಸಂತಾನ. ಬದಲಾವಣೆ ಹೆಚ್ಚಾಗಿ ಹೀಗೆ 'ಇರು'ವಿನಿಂದ 'ಹ್ಯಾವ್' ಕಡೆಗೇ ನಡೆಯುತ್ತದೆ ಎಂದು ಫ್ರಾನ್ಸಿನ ಎಮಿಲ್ ಬೆನ್ವೆನಿಸ್ತ್ 1960ರಲ್ಲಿ ವಾದಿಸಿದ್ದರು. (ಇಂಗ್ಲಿಷಿನ 'ಹ್ಯಾವ್' ಮತ್ತು ಲ್ಯಾಟಿನ್ನಿನ 'ಹಬೆರೆ' ಅವಳಿಗಳಂತೆ ಕಂಡರೂ ಬಂಧುಗಳಲ್ಲ. 'ಹ್ಯಾವ್' ಸಂಬಂಧಿ ಲ್ಯಾಟಿನ್ನಿನಲ್ಲಿ 'ಕಪೆರೆ', ಅಂದರೆ ಹಿಡಿ.)

ಒಡೆತನ ಹೇಳುವ ಇನ್ನೊಂದು ವಿಭಕ್ತಿ ಷಷ್ಠಿ, ಅಂದರೆ 'ನನ್ನ', 'ನಿನ್ನ'. ಅದರ ವಿಷಯಕ್ಕೆ ಬಂದರೆ ಫಿಜಿ ದ್ವೀಪದ ಭಾಷೆಯನ್ನು ಬಿಡುವಂತಿಲ್ಲ. ಅಲ್ಲಿ 'ನನ್ನ ತಲೆ'ಗೆ ಪ್ರತ್ಯಯ ನೇರವಾಗಿ ತಲೆಗೇ ಅಂಟುತ್ತದೆ: ಉಲುಂಗು. ದೇಹದ ಭಾಗಗಳನ್ನೂ ಬಂಧುಗಳನ್ನೂ ಬಿಡಿಸಿಕೊಳ್ಳಲಾಗದು ಎಂಬ ಎಣಿಕೆ. ಮನೆಯಂಥವುಗಳಿಗೆ ಬೇರೆ ಪದ ಬೇಕು: ನೊಂಗು. ತಿನ್ನುವ ವಸ್ತುವಾದರೆ ಕೆಂಗು, ಕುಡಿಯುವುದಾದರೆ ಮೆಂಗು. ಈಗ ತೆಂಗಿನಕಾಯಿಯನ್ನು ತೆಗೆದುಕೊಳ್ಳಿ. 'ಕೆಂಗು ನಿಯು' ಎಂದರೆ ನಾನು ತಿನ್ನಲಿರುವ ಕಾಯಿ, 'ಮೆಂಗು ನಿಯು' ನಾನು ಕುಡಿಯಲಿರುವ ಬೊಂಡ, 'ನೊಂಗು ನಿಯು' ನನ್ನ ಸೊತ್ತಾದ, ಬೇಕಾದರೆ ಮಾರಬಹುದಾದ ಕಾಯಿ. ಕರಾವಳಿಯ ಯಾವ ತೋಟದವರಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹವಾಯಿಯ ಭಾಷೆಯಲ್ಲಿ ವರ್ಗಗಳು ಎರಡೇ. ಅಪ್ಪ ಅಮ್ಮ ಒಂದರಲ್ಲಿ, ಗಂಡ ಹೆಂಡತಿ ಮಕ್ಕಳು ಇನ್ನೊಂದರಲ್ಲಿ. ತಂದೆತಾಯಿಯನ್ನು ಯಾರೂ ಆರಿಸಿಕೊಳ್ಳುವುದಿಲ್ಲವಲ್ಲ. ಮನೆ, ದೋಣಿ, ತೊಟ್ಟ ಬಟ್ಟೆ ತಂದೆತಾಯಿಯ ವರ್ಗಕ್ಕೇ ಸೇರುತ್ತವೆ, ಏಕೆಂದರೆ ಅವು ನಮ್ಮನ್ನು ಒಳಗಿಟ್ಟುಕೊಳ್ಳುತ್ತವೆ.

ಅಷ್ಟು ದೂರ ಹೋಗದೆಯೂ ನೋಡಬಹುದು. ತುಳುವಿನಲ್ಲಿ 'ನಮ್ಮ' ಎಂದರೆ ಕೇಳುವವರೂ ಸೇರಿದರು, 'ಎಂಕ್ಲೆನ' ಎಂದರೆ ಅವರು ಹೊರಗೆ. "ನಮ್ಮ ಕುಡ್ಲ" (ನಮ್ಮ ಮಂಗಳೂರು) ಎಂಬ ಮಾತಿನಲ್ಲಿ ಕೇಳುಗನಿಗೂ ಪಾಲಿದೆ. ಅದೇ "ಎಂಕ್ಲೆನ ಕುಡ್ಲ" ಎಂದರೆ ಬೆಂಗಳೂರಿನಿಂದ ಬಂದ ನೆಂಟನನ್ನು ಬಾಗಿಲಲ್ಲೇ ನಿಲ್ಲಿಸಿದಂತೆ. ಈಗಿನ ಕನ್ನಡದಲ್ಲಿ ಈ ಭೇದವಿಲ್ಲ. ಒಡಹುಟ್ಟಿದವರಿಲ್ಲದವರೂ "ನಮ್ಮ ಅಪ್ಪ" ಎನ್ನುತ್ತಾರೆ.

ಕೊಂಕಣಿಯ ದಾರಿ ಬೇರೆ. ಮಂಗಳೂರಿನ ಕ್ರೈಸ್ತರ ಕೊಂಕಣಿಯಲ್ಲಿ ಮಗನಾದರೆ 'ಮ್ಹಜೊ ಪೂತ್', ಮಗಳಾದರೆ 'ಮ್ಹಜಿ ಧುವ್', ಮನೆಯಾದರೆ 'ಮ್ಹಜೆಂ ಘರ್'. ಹೇಳುವವರು ಗಂಡೋ ಹೆಣ್ಣೋ ಎಂಬುದಕ್ಕೆ ಬೆಲೆಯಿಲ್ಲ, 'ನನ್ನ' ಎಂಬುದು ಸೊತ್ತಿನ ಲಿಂಗವನ್ನು ತೊಡುತ್ತದೆ. ಕನ್ನಡದ 'ನನ್ನ' ಮಗನಿಗೂ ಮಗಳಿಗೂ ಮನೆಗೂ ಒಂದೇ. ಆದರೆ ಮುಂದಿನ ನಾಮಪದವನ್ನು ಕಿತ್ತುಹಾಕಿ ನೋಡಿ: ನನ್ನವನು, ನನ್ನವಳು, ನನ್ನದು, ನನ್ನವು. ಕೊಂಕಣಿ ಸದಾ ಹೇಳುವ ಲಿಂಗವನ್ನು ಕನ್ನಡ ವಸ್ತು ಮರೆಯಾದಾಗಷ್ಟೇ ಹೇಳುತ್ತದೆ. ಹಾಗಾಗಿ ಕೊಂಕಣಿ ಕಲಿಯಹೊರಟ ಕನ್ನಡಿಗ ಮೊದಲು ಎಡವುವುದು ಮಗ ಮಗಳ ವಿಷಯದಲ್ಲಲ್ಲ. ಕೈಗೆ 'ಮ್ಹಜೊ ಹಾತ್', ದಾರಿಗೆ 'ಮ್ಹಜಿ ವಾಟ್' ಎನ್ನಬೇಕಾದಾಗ.